ಬೈಪೋಲಾರ್ ಎಂದು ಗೊತ್ತಾದ ಮೇಲೆ: ನಾಲ್ಕಾರು ಮಾತ್ರೆಗಳನ್ನು ಒಟ್ಟಿಗೆ ನಿಭಾಯಿಸುವ ಬಗೆ

ಕಾಯಿಲೆಯ ಹೆಸರು ಕೇಳಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲಿ ನನಗೆ ಬರೆಯುವವರು ಕಾಯಿಲೆಯ ಬಗ್ಗೆ ಕೇಳುವುದು ಕಡಿಮೆ, ಮಾತ್ರೆಗಳ ಬಗ್ಗೆ ಕೇಳುವುದೇ ಹೆಚ್ಚು. 'ಒಂದು ಕಾಯಿಲೆಗೆ ನಾಲ್ಕು ಮಾತ್ರೆ ಏಕೆ?', 'ಇದರಲ್ಲಿ ಯಾವುದನ್ನು ಬಿಟ್ಟರೆ ನಡೆಯುತ್ತದೆ?', 'ಮೈಕೈ ನೋವಿನ ಮಾತ್ರೆಯನ್ನು ಇದರ ಜೊತೆ ನುಂಗಬಹುದೇ?' ಎಂಬ ಮೂರು ಪ್ರಶ್ನೆಗಳು ಬೇರೆ ಬೇರೆ ಊರುಗಳಿಂದ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತವೆ. ನಾನು ವೈದ್ಯನಲ್ಲ, ಹನ್ನೆರಡು ವರ್ಷಗಳಿಂದ ಇದೇ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವನು. ಈ ಅವಧಿಯಲ್ಲಿ ನನಗೆ ಮನವರಿಕೆಯಾಗಿರುವುದು ಇಷ್ಟು: ತೊಂದರೆ ಹೆಚ್ಚಾಗಿ ಹುಟ್ಟುವುದು ಎರಡು ಮಾತ್ರೆಗಳ ನಡುವಿನ, ಇಬ್ಬರು ವೈದ್ಯರ ನಡುವಿನ, ಹಳೆಯ ಚೀಟಿ ಮತ್ತು ಹೊಸ ಚೀಟಿಯ ನಡುವಿನ ಸಂದಿನಲ್ಲಿ. ಮನೋವೈದ್ಯರಿಗೆ ನಿಮ್ಮ ಮಂಡಿನೋವು ಗೊತ್ತಿರುವುದಿಲ್ಲ, ಮಂಡಿನೋವಿನ ವೈದ್ಯರಿಗೆ ನಿಮ್ಮ ಲಿಥಿಯಂ ಮಾತ್ರೆ ಗೊತ್ತಿರುವುದಿಲ್ಲ. ಎರಡೂ ಗೊತ್ತಿರುವವರು ನೀವು ಮಾತ್ರ. ಈ ಲೇಖನವೆಲ್ಲ ಆ ಸಂದುಗಳನ್ನು ಮುಚ್ಚುವ ಕೆಲಸಕ್ಕೆ ಸಂಬಂಧಿಸಿದ್ದು. ಏಳನೆಯ ಭಾಗದಲ್ಲಿ ಹೇಳಿರುವ ತುರ್ತು ಲಕ್ಷಣಗಳ ಹೊರತು, ಇಲ್ಲಿನ ಯಾವ ಮಾತನ್ನೂ ಆಧಾರವಾಗಿಟ್ಟುಕೊಂಡು ಡೋಸ್ ಬದಲಿಸಬೇಡಿ, ಮಾತ್ರೆ ನಿಲ್ಲಿಸಬೇಡಿ. ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆಗಳನ್ನು ಇದರಿಂದ ಆರಿಸಿಕೊಳ್ಳಿ.

ಮೊದಲು ಕೈಗೆ ಬೇಕಾದವು: ನೂರು ಪುಟದ ಒಂದು ನೋಟ್‌ಬುಕ್, ವಾರದ ಏಳು ದಿನಗಳಿಗೆ ಖಾನೆಗಳಿರುವ ಮಾತ್ರೆ ಡಬ್ಬಿ, ರಕ್ತಪರೀಕ್ಷೆಯ ವರದಿಗಳಿಗೆಂದೇ ಒಂದು ಫೈಲ್, ಮತ್ತು ನೀವು ನಂಬುವ ಒಬ್ಬ ವ್ಯಕ್ತಿ. ಈ ನಾಲ್ಕನೆಯದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗಂಡ, ಹೆಂಡತಿ, ಅಕ್ಕ, ಗೆಳೆಯ ಯಾರಾದರೂ ಆಗಬಹುದು. 'ಈಚೆಗೆ ನಿನ್ನ ಮಾತು ಜೋರಾಗಿದೆ' ಎಂದು ಮುಖಕ್ಕೆ ಹೇಳುವ ಧೈರ್ಯವಿದ್ದರೆ ಸಾಕು.

1. ಚೀಟಿಯಲ್ಲಿರುವ ಹೆಸರನ್ನು ಓದಿಕೊಳ್ಳಿ

ನಮ್ಮ ಆಸ್ಪತ್ರೆಗಳ ಚೀಟಿಯಲ್ಲಿ ಸಾಮಾನ್ಯವಾಗಿ 'ಬಿಪಿಎಡಿ' ಎಂದೋ 'ಎಫ್31' ಎಂದೋ ಬರೆದಿರುತ್ತಾರೆ. ಮೊದಲನೆಯದು ಬೈಪೋಲಾರ್ ಅಫೆಕ್ಟಿವ್ ಡಿಸಾರ್ಡರ್ ಎಂಬುದರ ಸಂಕ್ಷೇಪ, ಎರಡನೆಯದು ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕಿರುವ ಸಂಖ್ಯೆ. ಮನಸ್ಸು ವಾರಗಟ್ಟಲೆ ಏರಿದ ಸ್ಥಿತಿಯಲ್ಲೋ ಇಳಿದ ಸ್ಥಿತಿಯಲ್ಲೋ ಸಿಕ್ಕಿಕೊಳ್ಳುವುದು, ನಡುವೆ ತಿಂಗಳುಗಳ ಕಾಲ ಸರಿಯಾಗಿಯೂ ಇರುವುದು ಇದರ ಲಕ್ಷಣ. ಏರಿದ ಸ್ಥಿತಿಗೆ ಮೇನಿಯಾ ಅಥವಾ ಉನ್ಮಾದ ಎಂದು ಹೆಸರು. ಅದರದೇ ಹಗುರ ರೂಪ ಹೈಪೋಮೇನಿಯಾ. ಇಳಿದ ಸ್ಥಿತಿ ಖಿನ್ನತೆ. ಎರಡೂ ಒಂದೇ ಹೊತ್ತಿಗೆ ಬೆರೆತು ಬಂದರೆ, ಅಂದರೆ ಮನಸ್ಸು ಕುಸಿದಿದ್ದೂ ಮೈಯಲ್ಲಿ ತಡೆಯಲಾಗದ ಚಡಪಡಿಕೆ ಇದ್ದರೆ, ಅದು ಮಿಶ್ರ ಸ್ಥಿತಿ. ಆತ್ಮಹತ್ಯೆಯ ಯೋಚನೆ ಕೃತಿಗಿಳಿಯುವ ಅಪಾಯ ಆಗ ಹೆಚ್ಚಿರುವುದರಿಂದ ಮುಂದಿನ ಭೇಟಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಪೂರ್ಣ ಮೇನಿಯಾ ಒಮ್ಮೆಯಾದರೂ ಬಂದಿದ್ದರೆ ಒಂದನೇ ಬಗೆ, ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಬಂದಿದ್ದರೆ ಎರಡನೇ ಬಗೆ. ನಿಮ್ಮದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಔಷಧದ ಆಯ್ಕೆ ಅದನ್ನು ಅವಲಂಬಿಸಿದೆ.

ಬೆಳಿಗ್ಗೆ ಸಿಟ್ಟು, ಸಂಜೆ ನಗು ಇವೆಲ್ಲ ಬೈಪೋಲಾರ್ ಅಲ್ಲ. ನೆಂಟರು ಹಾಗೆಂದು ವಾದಿಸಿದರೆ ವಾದಕ್ಕಿಳಿಯುವ ಅಗತ್ಯವಿಲ್ಲ.

2. ಪ್ರತಿ ಮಾತ್ರೆಯ ಕೆಲಸವೇನೆಂದು ಕೇಳಿ

ನಾಲ್ಕು ಮಾತ್ರೆಗಳಿದ್ದರೆ ನಾಲ್ಕಕ್ಕೂ ಒಂದೇ ಕೆಲಸವಿರುವುದಿಲ್ಲ. ಮೊದಲ ಗುಂಪು ಮೂಡ್ ಸ್ಟೆಬಿಲೈಸರ್‌ಗಳದು, ಅಂದರೆ ಮನಃಸ್ಥಿತಿ ಅತಿಯಾಗಿ ಏರದಂತೆ, ಇಳಿಯದಂತೆ ವರ್ಷಗಟ್ಟಲೆ ಹಿಡಿದಿಡುವ ಔಷಧಗಳು: ಲಿಥಿಯಂ, ವಾಲ್ಪ್ರೋಯೇಟ್, ಲ್ಯಾಮೋಟ್ರಿಜಿನ್, ಕಾರ್ಬಮಾಜೆಪಿನ್. ಇವುಗಳಲ್ಲಿ ಲಿಥಿಯಂ ಒಂದು ಸರಳ ಲವಣ. ಅದು ಉನ್ಮಾದವನ್ನು ತಣಿಸುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು, ಇವತ್ತಿಗೂ ಅದರ ಸ್ಥಾನ ಕದಲಿಲ್ಲ. ಉಳಿದ ಮೂರು ಮೂರ್ಛೆರೋಗಕ್ಕೂ ಬಳಕೆಯಾಗುವ ಔಷಧಗಳಾದ್ದರಿಂದ ಮೆಡಿಕಲ್ ಶಾಪಿನವರು 'ಫಿಟ್ಸ್ ಯಾರಿಗೆ?' ಎಂದು ಕೇಳಿದರೆ ಚೀಟಿ ತಪ್ಪಾಗಿದೆ ಎಂದು ಗಾಬರಿಯಾಗಬೇಡಿ.

ಎರಡನೆಯ ಗುಂಪು ಆಂಟಿಸೈಕೋಟಿಕ್‌ಗಳು: ಒಲಾಂಜಪಿನ್, ಕ್ವೆಟಿಯಾಪಿನ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮೊದಲಾದವು. ಲಿಥಿಯಂ ಪೂರ್ತಿ ಹಿಡಿತಕ್ಕೆ ಬರಲು ಒಂದರಿಂದ ಮೂರು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಉನ್ಮಾದವನ್ನು ತಡೆಯಲು ಇವನ್ನು ಕೊಡುತ್ತಾರೆ; ಕೆಲವರಿಗೆ ಮುಂದೆಯೂ ಮುಂದುವರಿಸುತ್ತಾರೆ. ಮೂರನೆಯವು ಕ್ಲೋನಜೆಪಾಮ್, ಲೋರಜೆಪಾಮ್‌ನಂತಹ ನಿದ್ರೆ ಮತ್ತು ತಳಮಳದ ಮಾತ್ರೆಗಳು. ಅಭ್ಯಾಸವಾಗಿಬಿಡುವ ಗುಣವಿರುವುದರಿಂದ ಇವು ಸಾಮಾನ್ಯವಾಗಿ ಕೆಲವು ವಾರಗಳ ಅತಿಥಿಗಳು. ನಾಲ್ಕನೆಯದು ಟ್ರೈಹೆಕ್ಸಿಫೆನಿಡಿಲ್‌ನಂತಹದು: ಅದು ಕಾಯಿಲೆಗಲ್ಲ, ಎರಡನೆಯ ಗುಂಪಿನ ಔಷಧದಿಂದ ಬರುವ ಸ್ನಾಯು ಬಿಗಿತಕ್ಕೆ.

ಪ್ರತಿ ಮಾತ್ರೆಯ ಮುಂದೆ ಮೂರು ಪ್ರಶ್ನೆ ಇಡಿ. ಇದು ಯಾವುದಕ್ಕೆ? ಎಷ್ಟು ಕಾಲಕ್ಕೆ? ಕಡಿಮೆ ಮಾಡುವ ಹೊತ್ತು ಬಂದಾಗ ಯಾವುದು ಮೊದಲು? ಹೊರರೋಗಿ ವಿಭಾಗದ ಸಾಲಿನಲ್ಲಿ ಇಷ್ಟು ಕೇಳಲು ಮುಜುಗರವಾಗುತ್ತದೆ ಎಂಬುದು ನನಗೆ ಗೊತ್ತು. ಬರೆದುಕೊಂಡು ಹೋಗಿ ಹಾಳೆಯನ್ನೇ ಮುಂದಿಟ್ಟರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಎಚ್ಚರಿಕೆ: ಬೈಪೋಲಾರ್ ಎಂದು ಗೊತ್ತಾಗುವ ಮೊದಲು ಅನೇಕರಿಗೆ ಬರೀ ಖಿನ್ನತೆಗೆಂದು ಚಿಕಿತ್ಸೆಯಾಗಿರುತ್ತದೆ, ಮನೆಯಲ್ಲಿ ಆ ಹಳೆಯ ಖಿನ್ನತೆ ನಿವಾರಕ ಮಾತ್ರೆಗಳು ಉಳಿದಿರುತ್ತವೆ. ಮನಸ್ಸು ಕುಸಿಯಿತೆಂದು ಅವನ್ನು ನೀವಾಗಿಯೇ ಮತ್ತೆ ಶುರುಮಾಡಬೇಡಿ. ಸ್ಟೆಬಿಲೈಸರ್ ಜೊತೆಗಿಲ್ಲದೆ ಅವನ್ನು ತೆಗೆದುಕೊಂಡರೆ ಕೆಲವರಲ್ಲಿ ಖಿನ್ನತೆ ನೇರವಾಗಿ ಉನ್ಮಾದಕ್ಕೆ ಹೊರಳುತ್ತದೆ.

3. ಒಂದೇ ಹಾಳೆಯ ಪಟ್ಟಿ ಮಾಡಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ಹಾಳೆಯೊಂದರಲ್ಲಿ ಪ್ರತಿ ಮಾತ್ರೆಯ ಮೂಲ ಹೆಸರು, ಬ್ರ್ಯಾಂಡ್ ಹೆಸರು, ಮಿಲಿಗ್ರಾಂ, ಹೊತ್ತು, ಶುರುವಾದ ದಿನಾಂಕ, ಬರೆದ ವೈದ್ಯರ ಹೆಸರು ಇಷ್ಟನ್ನೂ ಬರೆಯಿರಿ. ಚೀಟಿಯ 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 'ಎಚ್‌ಎಸ್' ಎಂದರೆ ಮಲಗುವಾಗ, 'ಎಸ್‌ಒಎಸ್' ಎಂದರೆ ಅಗತ್ಯ ಬಿದ್ದಾಗ ಮಾತ್ರ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮಾತ್ರೆಗಳು, ಮನೆಮದ್ದು, ಆಯುರ್ವೇದದ ಲೇಹ್ಯ ಮತ್ತು ಚೂರ್ಣ, ಜಿಮ್ಮಿನವರು ಕೊಟ್ಟ ಪುಡಿ ಎಲ್ಲವೂ ಇದೇ ಹಾಳೆಗೆ ಬರಬೇಕು. ಅಲರ್ಜಿಯಿದ್ದರೆ ಕೆಂಪು ಶಾಯಿಯಲ್ಲಿ ಮೇಲೆಯೇ ಬರೆಯಿರಿ.

ಮೂಲ ಹೆಸರು ಏಕೆ ಮುಖ್ಯವೆಂದರೆ ನಮ್ಮಲ್ಲಿ ಒಂದೇ ಔಷಧ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಎನ್‌ಕೋರೇಟ್ ಮತ್ತು ವಾಲ್ಪರಿನ್ ಎರಡೂ ವಾಲ್ಪ್ರೋಯೇಟ್. ಲಿಥೋಸನ್ ಮತ್ತು ಲೈಕ್ಯಾಬ್ ಎರಡೂ ಲಿಥಿಯಂ. ಆಸ್ಪತ್ರೆಯಲ್ಲಿ ಒಂದು ಬ್ರ್ಯಾಂಡ್ ಕೊಟ್ಟು, ಊರಿನಲ್ಲಿ ಮತ್ತೊಂದು ಬ್ರ್ಯಾಂಡ್ ಬರೆಸಿಕೊಂಡು, ಎರಡನ್ನೂ ಬೇರೆ ಬೇರೆ ಮಾತ್ರೆಯೆಂದು ನುಂಗಿ ದುಪ್ಪಟ್ಟು ಡೋಸ್ ಆಗುವುದು ಅಪರೂಪದ ಸಂಗತಿಯೇನಲ್ಲ.

ಮತ್ತೊಂದು ಸಣ್ಣ ವಿಷಯವಿದೆ, ಯಾರೂ ಹೇಳಿಕೊಡುವುದಿಲ್ಲ. ಅಂಗಡಿಯಲ್ಲಿ ಆರು ಮಾತ್ರೆ ಕೇಳಿದರೆ ಕತ್ತರಿಯಲ್ಲಿ ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿ ಅಂಗಡಿಯಲ್ಲೇ ಉಳಿದು, ನಿಮ್ಮ ಕೈಗೆ ಬರುವುದು ಬೋಳು ಬೆಳ್ಳಿ ಹಾಳೆ. ವಾರದ ಬಳಿಕ ಅಂತಹ ಮೂರು ತುಂಡುಗಳು ಒಂದೇ ಕವರಿನಲ್ಲಿ ಸೇರಿಕೊಂಡರೆ ಯಾವುದು ಯಾವುದೆಂದು ಹೇಳುವವರಿಲ್ಲ. ಪೂರ್ತಿ ಸ್ಟ್ರಿಪ್ಪನ್ನೇ ಕೊಳ್ಳಿ, ಆಗದಿದ್ದರೆ ತುಂಡಿನ ಬೆನ್ನಿಗೆ ಅಲ್ಲೇ ಹೆಸರು, ಮಿಲಿಗ್ರಾಂ, ದಿನಾಂಕ ಬರೆಸಿಕೊಳ್ಳಿ.

4. ನುಂಗುವ ಕ್ರಮ

ಭಾನುವಾರ ಡಬ್ಬಿಯ ಖಾನೆಗಳನ್ನು ತುಂಬಿ. ದಿನವೂ ತಪ್ಪದೆ ಮಾಡುವ ಕೆಲಸವೊಂದಕ್ಕೆ, ಉದಾಹರಣೆಗೆ ರಾತ್ರಿಯ ಊಟಕ್ಕೆ, ಮಾತ್ರೆಯನ್ನು ಗಂಟುಹಾಕಿ. 'ಎಸ್‌ಆರ್', 'ಸಿಆರ್', 'ಎಕ್ಸ್‌ಎಲ್', 'ಕ್ರೋನೋ' ಎಂದು ಬರೆದಿರುವವು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಗಳು. ಅವನ್ನು ಜಗಿಯಬಾರದು, ಪುಡಿಮಾಡಿ ಬಾಳೆಹಣ್ಣಿನಲ್ಲಿ ಬೆರೆಸಬಾರದು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತು ಎರಡು ನುಂಗಬೇಡಿ. ಸ್ವಲ್ಪ ತಡವಾಗಿ ನೆನಪಾದರೆ ತೆಗೆದುಕೊಳ್ಳಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಅದನ್ನು ಬಿಟ್ಟು ಮುಂದುವರಿಯಿರಿ, ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಲ್ಯಾಮೋಟ್ರಿಜಿನ್‌ಗೆ ಮಾತ್ರ ಬೇರೆ ನಿಯಮವಿದೆ. ಅದನ್ನು ಸಾಮಾನ್ಯವಾಗಿ ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ ಎರಡೆರಡು ವಾರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಜೊತೆಗೆ ವಾಲ್ಪ್ರೋಯೇಟ್ ಇದ್ದರೆ ರಕ್ತದಲ್ಲಿ ಅದರ ಮಟ್ಟ ಸುಮಾರು ದುಪ್ಪಟ್ಟಾಗುವುದರಿಂದ ಇನ್ನೂ ನಿಧಾನವಾಗಿ, ದಿನ ಬಿಟ್ಟು ದಿನ ಕೊಟ್ಟು ಶುರುಮಾಡುತ್ತಾರೆ. ಅವಸರದಲ್ಲಿ ಏರಿಸಿದರೆ ಪ್ರಾಣಕ್ಕೇ ಎರವಾಗಬಲ್ಲ ಚರ್ಮದ ಪ್ರತಿಕ್ರಿಯೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಕೆಲವು ದಿನ ಬಿಟ್ಟುಹೋಗಿದ್ದರೆ ಹಳೆಯ ಡೋಸಿಗೆ ನೇರವಾಗಿ ಮರಳಬೇಡಿ. ವೈದ್ಯರನ್ನು ಕೇಳಿ, ಮೊದಲ ಮೆಟ್ಟಿಲಿನಿಂದಲೇ ಮತ್ತೆ ಹತ್ತಬೇಕಾಗಬಹುದು.

ಮಾತ್ರೆಗಳು ಮನೆಯಲ್ಲಿ ಎಲ್ಲಿರಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಲಿಥಿಯಂ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಜೀವಕ್ಕೆ ಅಪಾಯ. ಸಾಯುವ ಯೋಚನೆ ಬರುತ್ತಿರುವ ದಿನಗಳಲ್ಲಿ ಒಂದು ವಾರದ ಮಾತ್ರೆ ಮಾತ್ರ ನಿಮ್ಮ ಬಳಿಯಿರಲಿ, ಉಳಿದದ್ದು ನೀವು ನಂಬುವ ಆ ವ್ಯಕ್ತಿಯ ಕೈಯಲ್ಲಿರಲಿ. ಇದನ್ನು ಅವಮಾನವೆಂದು ತಿಳಿಯುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ.

5. ರಕ್ತಪರೀಕ್ಷೆಗಳ ಲೆಕ್ಕ

ಲಿಥಿಯಂನ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಇರುವುದು ಕಿರಿದಾದ ಓಣಿ. ದೀರ್ಘಕಾಲದ ಚಿಕಿತ್ಸೆಯಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನ ಆಸುಪಾಸಿನಲ್ಲಿ ಅದನ್ನು ಇಡಲು ನೋಡುತ್ತಾರೆ, 1.5 ದಾಟಿದರೆ ವಿಷದ ಲಕ್ಷಣಗಳು ಕಾಣತೊಡಗುತ್ತವೆ. ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆ ಮಟ್ಟದಲ್ಲೇ ಕಾಣಬಹುದು. ಶುರುಮಾಡಿದ ಅಥವಾ ಡೋಸ್ ಬದಲಿಸಿದ ಸುಮಾರು ಒಂದು ವಾರಕ್ಕೆ, ಮಟ್ಟ ಸ್ಥಿರವಾದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ರೂಢಿ. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋಗುವುದು. ಕೊನೆಯ ಡೋಸಿನ ನಂತರ 12 ಗಂಟೆ ಕಳೆದಿರಬೇಕು. ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಟ್ಟು ಆಮೇಲೆ ಬೆಳಗಿನದನ್ನು ನುಂಗಿ. 'ಲಿಥಿಯಂ ಪರೀಕ್ಷೆ' ಎಂದು ಲ್ಯಾಬಿನವರಿಗೆ ಬಾಯಿಬಿಟ್ಟು ಹೇಳಿ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿದ ಕೊಳವೆಗಳೂ ಇರುತ್ತವೆ. ಅದರಲ್ಲಿ ರಕ್ತ ಹಿಡಿದರೆ ಇಲ್ಲದ ಮಟ್ಟ ಇದೆಯೆಂದು ತೋರಿಸುತ್ತದೆ.

ಇದರ ಜೊತೆಗೆ ಆರು ತಿಂಗಳಿಗೊಮ್ಮೆ ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಮತ್ತು ಕ್ಯಾಲ್ಸಿಯಂ ನೋಡಿಸಬೇಕು. ಲಿಥಿಯಂನಿಂದ ಥೈರಾಯ್ಡ್ ಕುಂದುವುದುಂಟು, ಕುಂದಿದ ಥೈರಾಯ್ಡ್ ನೋಡಲು ಖಿನ್ನತೆಯಂತೆಯೇ ಇರುತ್ತದೆ. ವಾಲ್ಪ್ರೋಯೇಟ್ ಇದ್ದರೆ ಯಕೃತ್ತಿನ ಪರೀಕ್ಷೆ ಮತ್ತು ಪ್ಲೇಟ್‌ಲೆಟ್ ಎಣಿಕೆ. ಕಾರ್ಬಮಾಜೆಪಿನ್ ಇದ್ದರೆ ಅವೆರಡರ ಜೊತೆಗೆ ಸೋಡಿಯಂ. ಆಂಟಿಸೈಕೋಟಿಕ್ ಇದ್ದರೆ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನ ಅಂಶ. ಔಷಧ ಶುರುವಾಗುವ ಮೊದಲಿನ ಅಂಕಿಗಳು ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ, ಹಾಗಾಗಿ ಮೊದಲ ವಾರದಲ್ಲೇ ತೂಕ ನೋಡಿ ಬರೆದಿಡಿ.

6. ಲಿಥಿಯಂ ಏರಿಳಿಯುವ ದಿನಗಳು

ನನ್ನ ಪಾಲಿನ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮಂಡಿನೋವಿಗೆ ಮನೆಯ ಹತ್ತಿರದ ವೈದ್ಯರ ಬಳಿ ಹೋದಾಗ ಲಿಥಿಯಂ ವಿಷಯ ಹೇಳಲು ಸಂಕೋಚಪಟ್ಟು ಸುಮ್ಮನಿದ್ದೆ. ಅವರು ಐದು ದಿನಕ್ಕೆ ಡೈಕ್ಲೋಫಿನ್ಯಾಕ್ ಬರೆದರು. ನಾಲ್ಕನೆಯ ಬೆಳಿಗ್ಗೆ ಕಾಫಿ ಲೋಟವನ್ನು ಎತ್ತಿದರೆ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಕಾಫಿ ಬಟ್ಟಲಿಗೆ ಚೆಲ್ಲಿತ್ತು, ಸ್ಟೀಲ್ ಲೋಟ ಬಟ್ಟಲಿನ ಅಂಚಿಗೆ ಟಣಟಣನೆ ಬಡಿಯುತ್ತಿತ್ತು. ಸಂಜೆಯ ಹೊತ್ತಿಗೆ ನಾಲಗೆ ತೊದಲತೊಡಗಿ ಆಸ್ಪತ್ರೆ ಸೇರಿದೆ.

ಕಾರಣ ಸರಳ. ದೇಹ ಲಿಥಿಯಂ ಅನ್ನು ಹೊರಹಾಕುವುದು ಮೂತ್ರಪಿಂಡದ ಮೂಲಕ, ಉಪ್ಪಿನ ಜೊತೆಜೊತೆಗೆ. ಮೂತ್ರಪಿಂಡದ ಕೆಲಸವನ್ನು ನಿಧಾನ ಮಾಡುವ, ಇಲ್ಲವೇ ದೇಹದ ಉಪ್ಪು ಮತ್ತು ನೀರನ್ನು ಕಡಿಮೆ ಮಾಡುವ ಏನೇ ಆದರೂ ಲಿಥಿಯಂ ಒಳಗೇ ಉಳಿದು ಮಟ್ಟ ಏರುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ನ್ಯಾಪ್ರೋಕ್ಸೆನ್‌ನಂತಹ ನೋವಿನ ಮಾತ್ರೆಗಳು, ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಎಲ್ಲವೂ ಈ ಕೆಲಸ ಮಾಡುತ್ತವೆ. ಜ್ವರಕ್ಕೋ ನೋವಿಗೋ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ ಆಯ್ಕೆ, ಆದರೆ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಅಥವಾ ಅಸಿಕ್ಲೋಫಿನ್ಯಾಕ್ ಬೆರೆತ ಮಾತ್ರೆಗಳು ಧಾರಾಳವಾಗಿ ಸಿಗುವುದರಿಂದ ಸ್ಟ್ರಿಪ್ಪಿನ ಬೆನ್ನನ್ನು ಓದದೆ ನುಂಗಬೇಡಿ.

ಹಾಗೆಯೇ ವಾಂತಿಭೇದಿ, ತೀವ್ರ ಜ್ವರ, ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ಹೊಲದ ಕೆಲಸ, ನೀರನ್ನೂ ಮುಟ್ಟದ ಏಕಾದಶಿ, ರಂಜಾನ್ ಉಪವಾಸ ಇವೆಲ್ಲ ಮೈಯ ನೀರನ್ನು ಕಡಿಮೆ ಮಾಡುತ್ತವೆ. ವ್ರತ ಮಾಡಬೇಕೆಂದಿದ್ದರೆ ಮೊದಲೇ ವೈದ್ಯರ ಜೊತೆ ಮಾತಾಡಿ. ವಾಂತಿಭೇದಿ ಶುರುವಾದರೆ ಒಆರ್‌ಎಸ್ ಕುಡಿಯುತ್ತಾ ಅದೇ ದಿನ ಕರೆಮಾಡಿ, ಲಿಥಿಯಂ ಹೊತ್ತು ತಪ್ಪಿಸಬೇಕೇ ಎಂದು ಕೇಳಿ. ಈ ಸೂಚನೆಯನ್ನು ಆರೋಗ್ಯವಾಗಿರುವಾಗಲೇ ಪಡೆದು ಪಟ್ಟಿಯ ಹಾಳೆಯ ಬೆನ್ನಿಗೆ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬಿಪಿ ನೋಡುವ ವೈದ್ಯರು 'ಉಪ್ಪು ಬಿಡಿ' ಎಂದರೆ ತಟ್ಟನೆ ಸಪ್ಪೆ ಊಟಕ್ಕಿಳಿಯಬೇಡಿ, ಮನೋವೈದ್ಯರಿಗೆ ತಿಳಿಸಿ ನಿಧಾನವಾಗಿ ಕಡಿಮೆ ಮಾಡಿ. ಇನ್ನೊಂದು ವಿಚಿತ್ರವೆಂದರೆ ಕಾಫಿ ಲಿಥಿಯಂ ಅನ್ನು ಹೆಚ್ಚು ಹೊರಹಾಕಿಸುತ್ತದೆ. ದಿನಕ್ಕೆ ಐದು ಲೋಟ ಕುಡಿಯುವವರು ಒಂದೇ ಬೆಳಿಗ್ಗೆ ಪೂರ್ತಿ ನಿಲ್ಲಿಸಿದರೆ ಮಟ್ಟ ಏರಬಹುದು.

ಉಳಿದ ಔಷಧಗಳಿಗೂ ಅವುಗಳದೇ ಆದ ಸಂದುಗಳಿವೆ. ಬೀಡಿ ಸಿಗರೇಟಿನ ಹೊಗೆ ಒಲಾಂಜಪಿನ್ ಮಟ್ಟವನ್ನು ಇಳಿಸುತ್ತದೆ, ಧೂಮಪಾನ ಬಿಟ್ಟಾಗ ಅದೇ ಡೋಸ್ ಹೆಚ್ಚಾಗಿ ಮಂಪರು ಕವಿಯಬಹುದು. ಕಾರ್ಬಮಾಜೆಪಿನ್ ತೆಗೆದುಕೊಳ್ಳುವವರಿಗೆ ಗಂಟಲುನೋವಿಗೆಂದು ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಬರೆದರೆ ಕಾರ್ಬಮಾಜೆಪಿನ್ ಮಟ್ಟ ಏರುತ್ತದೆ. ಉಬ್ಬಸಕ್ಕೋ ಚರ್ಮದ ಕಾಯಿಲೆಗೋ ಕೊಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಗಳು ತಾವಾಗಿಯೇ ಉನ್ಮಾದ ತರಬಲ್ಲವು. ಕುಡಿತದ ಬಗ್ಗೆ ಹೇಳುವುದು ಒಂದೇ ಮಾತು: ಈ ಮಾತ್ರೆಗಳ ಜೊತೆ ಬೇಡ.

ಗರ್ಭಿಣಿಯಾಗುವ ಸಾಧ್ಯತೆಯಿರುವ ಮಹಿಳೆಯರಿಗೆ ವಾಲ್ಪ್ರೋಯೇಟ್ ಬರೆದಿದ್ದರೆ, ಮದುವೆಯಾಗಿರಲಿ ಬಿಡಲಿ, ಆ ಬಗ್ಗೆ ಈಗಲೇ ಕೇಳಬೇಕು. ಗರ್ಭದಲ್ಲಿ ಅದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟುವಾಗಲೇ ಅಂಗದೋಷ, 100ಕ್ಕೆ 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ ಕಂಡುಬರುತ್ತದೆ. ಹಾಗೆಂದು ಗರ್ಭ ನಿಂತದ್ದು ಗೊತ್ತಾದ ರಾತ್ರಿಯೇ ಎಲ್ಲವನ್ನೂ ಬಿಸಾಡುವುದೂ ಅಪಾಯ. ಮರುದಿನವೇ ವೈದ್ಯರನ್ನು ಕಾಣಿ. ಕಾರ್ಬಮಾಜೆಪಿನ್ ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಈಸ್ಟ್ರೋಜೆನ್ ಇರುವ ಗುಳಿಗೆಗಳು ಲ್ಯಾಮೋಟ್ರಿಜಿನ್ ಮಟ್ಟವನ್ನು ಕುಗ್ಗಿಸುತ್ತವೆ. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಕಾಯಿಲೆ ಮರಳುವ ಸಾಧ್ಯತೆ ಬಹಳ ಹೆಚ್ಚು, ಆದ್ದರಿಂದ ಬಾಣಂತಿಗೆ ರಾತ್ರಿ ನಿದ್ರೆ ಸಿಗುವಂತೆ ಮಗುವನ್ನು ನೋಡಿಕೊಳ್ಳುವವರು ಯಾರೆಂದು ಏಳನೆಯ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಬೇಕು.

7. ಅಡ್ಡಪರಿಣಾಮ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು

ಸಣ್ಣ ಕೈನಡುಕ, ಬಾಯಾರಿಕೆ, ಪದೇ ಪದೇ ಮೂತ್ರ, ಬೆಳಗಿನ ಮಂಪರು, ಕೂದಲು ಉದುರುವುದು, ತೂಕ ಏರುವುದು: ಇವನ್ನು ಬರೆದಿಟ್ಟು ಮುಂದಿನ ಭೇಟಿಯಲ್ಲಿ ಹೇಳಿ. ತೂಕದ ವಿಷಯದಲ್ಲಿ ಮಾತ್ರ ನಾಚಿಕೆಯಿಂದ ಸುಮ್ಮನಾಗಬೇಡಿ. ಎರಡು ತಿಂಗಳಲ್ಲಿ ಆರು ಕಿಲೋ ಏರಿತೆಂದು ಹೇಳಿದರೆ ಔಷಧ ಬದಲಿಸಲು ದಾರಿಯಿದೆ, ಹೇಳದೆ ಕದ್ದು ಬಿಟ್ಟರೆ ಕಾಯಿಲೆ ಮರಳುತ್ತದೆ.

ಕೂತಲ್ಲಿ ಕೂರಲಾಗದೆ ಕಾಲು ಆಡಿಸುತ್ತಾ ಅತ್ತಿಂದಿತ್ತ ನಡೆಯಬೇಕೆನಿಸುವ ಚಡಪಡಿಕೆ, ಕತ್ತು ಅಥವಾ ದವಡೆ ಬಿಗಿಯುವುದು ಕಂಡರೆ ಒಂದೆರಡು ದಿನದಲ್ಲೇ ಕರೆಮಾಡಿ. ದವಡೆ ಕಚ್ಚಿಕೊಂಡರೆ, ಉಸಿರಾಟಕ್ಕೋ ನುಂಗುವುದಕ್ಕೋ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಈ ಚಡಪಡಿಕೆಗೆ ಅಕಥೀಸಿಯಾ ಎಂದು ಹೆಸರು. ಅದು ಔಷಧದಿಂದ ಬರುವಂಥದ್ದು, ಮನೆಯವರು ಅದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಡೋಸ್ ಏರಿಸಲು ಒತ್ತಾಯಿಸುವುದುಂಟು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದವು ಇವು: ಲಿಥಿಯಂ ತೆಗೆದುಕೊಳ್ಳುವವರಲ್ಲಿ ಜೋರಾದ ಕೈನಡುಕ, ತೊದಲು ಮಾತು, ತೂರಾಡುವ ನಡಿಗೆ, ನಿಲ್ಲದ ವಾಂತಿ, ಗೊಂದಲ; ಲ್ಯಾಮೋಟ್ರಿಜಿನ್ ಅಥವಾ ಕಾರ್ಬಮಾಜೆಪಿನ್ ತೆಗೆದುಕೊಳ್ಳುವವರಲ್ಲಿ ಮೈಮೇಲೆ ದದ್ದು, ಅದರಲ್ಲೂ ಜ್ವರ, ಬಾಯಿಹುಣ್ಣು ಅಥವಾ ಕಣ್ಣು ಕೆಂಪಾಗುವುದರ ಜೊತೆಗೆ; ಆಂಟಿಸೈಕೋಟಿಕ್ ತೆಗೆದುಕೊಳ್ಳುವವರಲ್ಲಿ ತೀವ್ರ ಜ್ವರದ ಜೊತೆಗೆ ಮೈ ಮರದಂತೆ ಸೆಟೆಯುವುದು; ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಲ್ಲಿ ಕಣ್ಣು ಹಳದಿಯಾಗುವುದು, ಎಡೆಬಿಡದ ವಾಂತಿ, ಅತಿಯಾದ ಮಂಪರು. ಈ ಲಕ್ಷಣಗಳು ಕಂಡಾಗ ಆ ಮಾತ್ರೆಯ ಮುಂದಿನ ಡೋಸ್ ನುಂಗದೆ, ಪಟ್ಟಿಯ ಹಾಳೆಯನ್ನು ಜೊತೆಗಿಟ್ಟುಕೊಂಡು ಹೊರಡಿ.

8. ನಿದ್ರೆಯನ್ನು ಅಳೆಯಿರಿ

ಮನಸ್ಸಿನ ಏರಿಳಿತವನ್ನು ಅಂಕಿಗಳಲ್ಲಿ ಬರೆಯಲು ಹಲವು ಆ್ಯಪ್‌ಗಳಿವೆ. ನನ್ನ ಅನುಭವದಲ್ಲಿ ನೋಟ್‌ಬುಕ್ಕಿನ ಒಂದು ಗೆರೆ ಸಾಕು: ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಮಾತ್ರೆ ಆಯಿತೇ, ಮನಸ್ಸು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ನಿದ್ರೆ ಕಡಿಮೆಯಾಗಿಯೂ ಆಯಾಸವಿಲ್ಲದಿದ್ದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ನಿದ್ರೆ ಕೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಎಬ್ಬಿಸುವ ಕಾರಣವೂ ಹೌದು. ಬೆಳಗಿನವರೆಗಿನ ಯಕ್ಷಗಾನ, ಶಿವರಾತ್ರಿಯ ಜಾಗರಣೆ, ಮದುವೆಮನೆಯ ರಾತ್ರಿ, ಸಾಲಾಗಿ ರಾತ್ರಿ ಪಾಳಿ ಇವುಗಳಿಗೆ ಮೊದಲ ವರ್ಷವಾದರೂ ರಜೆ ಕೊಡಿ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ರೆಯಾದರೆ ಮೂರನೆಯ ದಿನ ವೈದ್ಯರಿಗೆ ಕರೆ ಎಂಬುದು ನಾನು ನನಗೇ ಹಾಕಿಕೊಂಡಿರುವ ನಿಯಮ.

ಉಳಿದ ಗುರುತುಗಳು ಒಬ್ಬೊಬ್ಬರಿಗೆ ಒಂದೊಂದು. ಹಳೆಯ ಗೆಳೆಯರಿಗೆಲ್ಲ ರಾತ್ರಿ ಎರಡಕ್ಕೆ ಸಂದೇಶ, ಒಂದೇ ವಾರದಲ್ಲಿ ಮೂರು ಹೊಸ ವ್ಯವಹಾರದ ಯೋಜನೆ, ಲೆಕ್ಕವಿಲ್ಲದ ಖರೀದಿ. ಹಿಂದಿನ ಸಲ ಏನಾಗಿತ್ತು ಎಂದು ಮನೆಯವರನ್ನು ಕೇಳಿ ಐದು ಗುರುತು ಬರೆಯಿರಿ. ನಮಗೆ ನೆನಪಿರುವುದಕ್ಕಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಹಣದ ಮಟ್ಟಿಗೆ, ಯುಪಿಐ ದಿನದ ಮಿತಿಯನ್ನು ಚೆನ್ನಾಗಿರುವ ದಿನಗಳಲ್ಲೇ ಇಳಿಸಿಡಿ.

9. ಚೆನ್ನಾಗಾದ ಮೇಲೆ ಬಿಡುವ ಆಸೆ

ಮೂರೋ ನಾಲ್ಕೋ ತಿಂಗಳಿಗೆ ಈ ಆಸೆ ಬಂದೇ ಬರುತ್ತದೆ. 'ಮದುವೆ ಮಾಡಿದರೆ ಸರಿಹೋಗುತ್ತದೆ', 'ಇಷ್ಟು ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ' ಎನ್ನುವವರೂ ಆಗಲೇ ಬರುತ್ತಾರೆ. ಲಿಥಿಯಂ ಅನ್ನು ತಟ್ಟನೆ ನಿಲ್ಲಿಸಿದರೆ ಮುಂದಿನ ಕೆಲವೇ ತಿಂಗಳಲ್ಲಿ ಉನ್ಮಾದ ಮರಳುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದಾಗ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳ ಕಾಲಾವಧಿಯಲ್ಲಿ ಇಳಿಸುತ್ತಾರೆ. ಬಿಡಬೇಕೆನಿಸಿದೆ ಎಂಬುದನ್ನೇ ವೈದ್ಯರಿಗೆ ಹೇಳಿ. ಅದಕ್ಕೆ ರೇಗುವ ವೈದ್ಯರಾದರೆ ಬೇರೆಯವರನ್ನು ಹುಡುಕಿ, ಆದರೆ ಹುಡುಕುವವರೆಗೆ ಮಾತ್ರೆ ಮುಂದುವರಿಯಲಿ.

ಕೆಲವರು ಬಿಡುವುದು ಆಸೆಯಿಂದಲ್ಲ, ದುಡ್ಡಿಲ್ಲದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು. ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮತ್ತು ಮುಖ್ಯ ಔಷಧಗಳು ಉಚಿತ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಅಲ್ಲೇ ವಿಚಾರಿಸಿ. ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರು ಹೇಳಿ ಕೇಳಿದರೆ ಹಲವು ಮಾತ್ರೆಗಳು ಅಗ್ಗಕ್ಕೆ ಸಿಗುತ್ತವೆ. ಬ್ರ್ಯಾಂಡ್ ಬದಲಾದರೆ ವೈದ್ಯರಿಗೆ ತಿಳಿಸಿ, ಲಿಥಿಯಂ ಆಗಿದ್ದರೆ ಮಟ್ಟವನ್ನು ಮತ್ತೊಮ್ಮೆ ನೋಡಿಸಿ.

10. ಕೆಟ್ಟ ದಿನಕ್ಕೆ ಮುಂಚಿತವಾಗಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಎರಡು ಹಕ್ಕು ಕೊಟ್ಟಿದೆ, ಚೆನ್ನಾಗಿರುವಾಗಲೇ ಬಳಸಬೇಕಾದವು. ಒಂದು ಮುಂಗಡ ನಿರ್ದೇಶನ: ಮುಂದೆ ನಿರ್ಧಾರ ಮಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವುದು. ಇನ್ನೊಂದು ನಾಮನಿರ್ದೇಶಿತ ಪ್ರತಿನಿಧಿ: ಆಗ ನಿಮ್ಮ ಪರವಾಗಿ ಮಾತಾಡುವವರನ್ನು ನೀವೇ ಆರಿಸುವುದು. ದೈಹಿಕ ಕಾಯಿಲೆಗೆ ಇರುವ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಪಾಲಿಸಿ ಕೊಳ್ಳುವಾಗ ಕಾಯಿಲೆಯನ್ನು ಮುಚ್ಚಿಡಬೇಡಿ, ಆಮೇಲೆ ಕ್ಲೇಮು ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಸಾಯಬೇಕೆಂಬ ಯೋಚನೆ ಬಂದರೆ, ಅಥವಾ ರಾತ್ರಿ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಾಪಾಯವಿದ್ದರೆ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಪಟ್ಟಿಯ ಹಾಳೆಗೆ ಮೂರು ಪ್ರತಿ ಮಾಡಿಸಿ: ಒಂದು ಫೈಲಿಗೆ, ಒಂದು ನಿಮ್ಮ ನಂಬಿಕೆಯ ವ್ಯಕ್ತಿಗೆ, ಒಂದು ಮಡಚಿ ಫೋನಿನ ಕವರಿನ ಹಿಂದೆ. ಮೂರರ ಮೇಲೂ ದಿನಾಂಕ ಹಾಕಿ. ಮಾತ್ರೆ ಬದಲಾದ ದಿನವೇ ಹೊಸದನ್ನು ಬರೆದು ಹಳೆಯ ಮೂರನ್ನೂ ಹರಿದುಹಾಕಿ.